ಬೆಳಗಿನವರೆಗೆ ಕಾಯಲಾರದ ಬೇನೆ

ರಾತ್ರಿ ಹತ್ತು ಗಂಟೆ ಕಳೆದಿದೆ. ಬೆಂಗಳೂರಿನ ಪಶ್ಚಿಮ ಭಾಗದ ಅನ್ನಪೂರ್ಣೇಶ್ವರಿ ನಗರದಲ್ಲಿ ಅಂಗಡಿಗಳ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಳ್ಳುತ್ತಿವೆ. ಎರಡನೆಯ ಅಂತಸ್ತಿನ ಮನೆಯೊಂದರಲ್ಲಿ ಗಂಡು ಬೆಕ್ಕು ಮರಳಿನ ತಟ್ಟೆಗೆ ಹೋಗುತ್ತದೆ, ಕುಳಿತು ತಿಣುಕುತ್ತದೆ, ಎದ್ದು ಬರುತ್ತದೆ. ಐದು ನಿಮಿಷ ಕಳೆಯುವುದರೊಳಗೆ ಮತ್ತೆ ಹೋಗುತ್ತದೆ. ನಡುನಡುವೆ ಹಿಂಭಾಗವನ್ನು ಬಿಡದೆ ನೆಕ್ಕಿಕೊಳ್ಳುತ್ತದೆ. ಎಂದೂ ಕೇಳದ ಆಳವಾದ ದನಿಯಲ್ಲಿ ಕೂಗುತ್ತದೆ. ಮನೆಯವರು ನೋಡಿ, “ಮಲಬದ್ಧತೆಯಾಗಿರಬೇಕು, ಸ್ವಲ್ಪ ಹರಳೆಣ್ಣೆ ನೆಕ್ಕಿಸಿದರಾಯಿತು. ಸರಿಹೋಗದಿದ್ದರೆ ನಾಳೆ ನೋಡೋಣ” ಎನ್ನುತ್ತಾರೆ. ದೀಪ ಆರುತ್ತದೆ.

ಇದು ಯಾವುದೋ ಒಂದು ಮನೆಯ ಕಥೆಯಲ್ಲ. ಬೆಕ್ಕು ಸಾಕಿದ ಯಾವ ಮನೆಗಾದರೂ ಬರಬಹುದಾದ ರಾತ್ರಿ. ಆ ಬೆಕ್ಕಿಗೆ ಆಗಿರುವುದು ಮಲಬದ್ಧತೆಯಲ್ಲ, ಮೂತ್ರಬಂಧ. ಗಂಡು ಬೆಕ್ಕಿನ ಮೂತ್ರನಾಳ ಬಹಳ ಸಪೂರವಾದುದು. ಮರಳಿನಂತಹ ಹರಳುಗಳೋ ಲೋಳೆಯ ಬಿರಡೆಯೋ ಅದರಲ್ಲಿ ಸಿಕ್ಕಿಕೊಂಡಿತೆಂದರೆ ಒಂದು ತೊಟ್ಟೂ ಹೊರಬರಲಾರದು. ಮೂತ್ರಕೋಶ ಕಲ್ಲಿನಂತೆ ಬಿಗಿಯುತ್ತದೆ. ಮೂತ್ರಪಿಂಡಗಳು ಕೆಲಸ ನಿಲ್ಲಿಸುತ್ತವೆ. ಹೊರಗೆ ಹೋಗಬೇಕಾಗಿದ್ದ ಪೊಟ್ಯಾಸಿಯಂ ರಕ್ತದಲ್ಲಿಯೇ ಏರುತ್ತ ಹೋಗಿ ಕಡೆಗೆ ಹೃದಯವನ್ನು ಸ್ತಬ್ಧಗೊಳಿಸುತ್ತದೆ. ಇಷ್ಟೆಲ್ಲ ನಡೆಯಲು ಒಂದೆರಡು ದಿನ ಸಾಕು. ಬಂಧ ಮೊದಲಾದ ಗಳಿಗೆ ಮನೆಯವರ ಕಣ್ಣಿಗೆ ಬಿದ್ದಿರುವುದಿಲ್ಲವಾದುದರಿಂದ ಅವರ ಪಾಲಿಗೆ ಉಳಿಯುವ ವೇಳೆ ಇನ್ನೂ ಕಡಿಮೆ. ವೈದ್ಯನು ಅರಿವಳಿಕೆ ಕೊಟ್ಟು, ಸಣ್ಣ ನಳಿಕೆಯನ್ನು ತೂರಿಸಿ, ತಡೆಯನ್ನು ಬಿಡಿಸಿ, ರಕ್ತಕ್ಕೆ ದ್ರವವನ್ನು ಏರಿಸಿದರೆ ಬೆಕ್ಕು ಬಹುಮಟ್ಟಿಗೆ ಬದುಕಿಕೊಳ್ಳುತ್ತದೆ. ಹರಳೆಣ್ಣೆಯಿಂದ ಬದುಕುವುದಿಲ್ಲ.

ನಾಯಿ ಬೆಕ್ಕುಗಳ ನೂರು ತೊಂದರೆಗಳಲ್ಲಿ ಬಹಳಷ್ಟು ನಾಳೆಯವರೆಗೆ ಕಾಯಬಲ್ಲವು. ಕೆಲವು ಮಾತ್ರ ಕಾಯಲಾರವು. ಸಾಕಿದವರು ರೋಗದ ಹೆಸರು ಹೇಳಬೇಕಾಗಿಲ್ಲ. ಅದು ವೈದ್ಯನ ಕೆಲಸ. ಯಾವುದು ಕಾಯಬಲ್ಲದು, ಯಾವುದು ಕಾಯಲಾರದು ಎಂಬ ವಿವೇಚನೆ ಮಾತ್ರ ಅವರದು. ಅದನ್ನು ಕಲಿಯುವುದು ಕಷ್ಟವೂ ಅಲ್ಲ.

ನೋವನ್ನು ಬಚ್ಚಿಡುವ ಜೀವ

ಕನ್ನಡ ನಾಡಿಗೆ ಪ್ರಾಣಿಗಳ ಮೇಲಿನ ಅಕ್ಕರೆ ಹೊಸದಲ್ಲ. ಹನ್ನೆರಡನೆಯ ಶತಮಾನದಲ್ಲಿಯೇ ಚಾಲುಕ್ಯ ವಂಶದ ಕೀರ್ತಿವರ್ಮ ಹಸುಗಳ ಚಿಕಿತ್ಸೆಗಾಗಿ ‘ಗೋವೈದ್ಯ’ವನ್ನು ಕನ್ನಡದಲ್ಲಿ ಬರೆದ. ಅದಕ್ಕೂ ಹಿಂದೆ, ಕ್ರಿ.ಶ. ೯೪೯-೫೦ರಲ್ಲಿ, ಇಂದಿನ ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ನಾಯಿಯೊಂದಕ್ಕೆ ಕಲ್ಲು ನಿಲ್ಲಿಸಿದರು. ಗಂಗರ ಬೂತುಗನ ಬಳಿಯಲ್ಲಿದ್ದ ಮಣಲೇರನೆಂಬ ವೀರ, ಯುದ್ಧದಲ್ಲಿ ತೋರಿದ ಸಾಹಸಕ್ಕೆ ಮೆಚ್ಚುಗೆಯಾಗಿ ಬೇಡಿ ಪಡೆದದ್ದು ಕಾಳಿ ಎಂಬ ಬೇಟೆನಾಯಿಯನ್ನು. ದೊಡ್ಡ ಹಂದಿಯೊಂದರ ಮೇಲೆ ಬಿಟ್ಟಾಗ ನಾಯಿಯೂ ಹಂದಿಯೂ ಹೋರಾಡಿ ಒಟ್ಟಿಗೆ ಸತ್ತವು. ಆ ಶಿಲೆ ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಕಾಳಿಯ ಗಾಯ ಎಲ್ಲರ ಕಣ್ಣಿಗೂ ಕಾಣುವಂಥದು. ಮನೆಯಲ್ಲಿ ಸಾಕಿದ ನಾಯಿ ಬೆಕ್ಕುಗಳ ಬೇನೆ ಹಾಗಲ್ಲ. ಕಾಡಿನಲ್ಲಿ ನೋವು ತೋರಿಸಿದ ಪ್ರಾಣಿ ಶತ್ರುವಿಗೆ ಸುಲಭವಾಗಿ ತುತ್ತಾಗುತ್ತದೆ. ಆ ಹಳೆಯ ಎಚ್ಚರ ಇಂದಿಗೂ ಅವುಗಳ ರಕ್ತದಲ್ಲಿದೆ. ನಾಯಿ ಒಡೆಯನನ್ನು ಕಂಡರೆ ಎಷ್ಟೇ ನೋವಿದ್ದರೂ ಬಾಲ ಅಲ್ಲಾಡಿಸುತ್ತದೆ. ಬೆಕ್ಕು ಇನ್ನೂ ಮೌನಿ: ಮಂಚದ ಕೆಳಗೋ ಬೀರುವಿನ ಹಿಂದೆಯೋ ಸರಿದು ಕುಳಿತುಬಿಡುತ್ತದೆ. “ಸುಮ್ಮನೆ ಮಲಗಿದೆ” ಎಂದು ಮನೆಯವರು ಸಮಾಧಾನಪಡುವ ಹೊತ್ತಿನಲ್ಲಿ ಒಳಗೆ ಬೇನೆ ಬಲಿಯುತ್ತಿರಬಹುದು. ಅದು ಅರಚುವವರೆಗೆ ಕಾದರೆ ಅನೇಕ ಸಲ ತಡವಾಗಿ ಹೋಗಿರುತ್ತದೆ.

ಆದುದರಿಂದ ಮೊದಲ ಪಾಠವನ್ನು ಪ್ರಾಣಿ ಆರೋಗ್ಯವಾಗಿರುವಾಗಲೇ ಕಲಿಯತಕ್ಕದ್ದು. ಅದು ನಿದ್ರೆ ಮಾಡುವಾಗ ಪಕ್ಕೆ ಏರಿಳಿಯುವುದನ್ನು ಒಂದು ನಿಮಿಷ ಎಣಿಸಬೇಕು. ಸಾಮಾನ್ಯವಾಗಿ ಅದು ಮೂವತ್ತನ್ನು ಮೀರುವುದಿಲ್ಲ. ತುಟಿಯನ್ನು ಮೆಲ್ಲನೆ ಎತ್ತಿ ಒಸಡನ್ನು ನೋಡಬೇಕು. ಆರೋಗ್ಯವಂತ ಪ್ರಾಣಿಯ ಒಸಡು ತೇವವಾಗಿ ನಸುಗೆಂಪಾಗಿರುತ್ತದೆ. ಬೆರಳಿನಿಂದ ಒತ್ತಿ ಬಿಟ್ಟರೆ ಬಿಳುಪಾದ ಜಾಗಕ್ಕೆ ಎರಡು ಕ್ಷಣಗಳೊಳಗೆ ರಕ್ತ ಮರಳುತ್ತದೆ. ಕೆಲವು ನಾಯಿಗಳ ಒಸಡು ಹುಟ್ಟಿನಿಂದಲೇ ಕಪ್ಪಾಗಿರುವುದುಂಟು. ಅಂಥವುಗಳಲ್ಲಿ ಕಣ್ಣಿನ ಕೆಳರೆಪ್ಪೆಯ ಒಳಭಾಗವನ್ನು ನೋಡಬಹುದು. ಗುದದಲ್ಲಿ ಅಳೆದ ಶಾಖ ಸುಮಾರು ೧೦೦.೫ರಿಂದ ೧೦೨.೫ ಡಿಗ್ರಿ ಫ್ಯಾರನ್‌ಹೀಟ್. ಮನುಷ್ಯನಿಗೆ ಜ್ವರವೆನಿಸುವುದು ಅವಕ್ಕೆ ಸಹಜ. ಈ ನಾಲ್ಕು ಅಳತೆಗಳನ್ನು ಬಲ್ಲ ಮನೆಯವರು ಅರ್ಧರಾತ್ರಿಯಲ್ಲಿ ಊಹೆಯನ್ನು ನಂಬಬೇಕಾಗಿಲ್ಲ.

ಉಸಿರು, ಒಸಡು, ಹೊಟ್ಟೆ

ಎಲ್ಲಕ್ಕೂ ಮೊದಲು ನೋಡಬೇಕಾದದ್ದು ಉಸಿರು. ಓಡಿ ಬಂದ ನಾಯಿ ನಾಲಗೆ ಚಾಚಿ ಏದುವುದು ಸಹಜ. ತಂಪಿನಲ್ಲಿ ಮಲಗಿದ್ದಾಗಲೂ ನಿಮಿಷಕ್ಕೆ ನಲವತ್ತಕ್ಕೂ ಹೆಚ್ಚು ಸಲ ಉಸಿರೆಳೆಯುತ್ತಿದ್ದರೆ, ಪ್ರತಿ ಉಸಿರಿಗೂ ಹೊಟ್ಟೆಯನ್ನು ಹಿಂಡುತ್ತಿದ್ದರೆ, ಕತ್ತನ್ನು ಮುಂದಕ್ಕೆ ಚಾಚಿ ಮೊಣಕೈಗಳನ್ನು ಹೊರಕ್ಕೆ ಅಗಲಿಸಿ ನಿಂತು ಮಲಗಲು ಒಲ್ಲದಿದ್ದರೆ ಕ್ಷಣವೂ ತಡಮಾಡಕೂಡದು. ಬೆಕ್ಕು ನಾಯಿಯಂತೆ ಏದುವ ಪ್ರಾಣಿಯಲ್ಲ. ಬಾಯಿ ತೆರೆದು ಉಸಿರಾಡುವ ಬೆಕ್ಕು ಸಂಕಟದಲ್ಲಿದೆಯೆಂದೇ ತಿಳಿಯಬೇಕು. ಅದರ ಬಾಯಿಗೆ ಆಗ ನೀರನ್ನೋ ಔಷಧವನ್ನೋ ಸುರಿಯಬಾರದು, ಹೆದರಿಸಬಾರದು, ಗಾಳಿಯಾಡುವ ಬುಟ್ಟಿಯಲ್ಲಿಟ್ಟು ಹೊರಡಬೇಕು.

ಎರಡನೆಯದು ಒಸಡಿನ ಬಣ್ಣ. ಸುಣ್ಣದಂತೆ ಬಿಳುಪಾಗಿದ್ದರೆ ಒಳಗೆ ರಕ್ತ ಸೋರುತ್ತಿರಬಹುದು, ಇಲ್ಲವೆ ರಕ್ತವೇ ನಾಶವಾಗುತ್ತಿರಬಹುದು. ನೀಲಿಯಾದರೆ ಪ್ರಾಣವಾಯು ಸಾಲುತ್ತಿಲ್ಲ. ಇಟ್ಟಿಗೆಯಂತೆ ಕೆಂಪಾದರೆ ಬಿಸಿಲ ಹೊಡೆತವೋ ರಕ್ತಕ್ಕೆ ಏರಿದ ಸೋಂಕೋ ಇದ್ದೀತು. ಹಳದಿಯಾದರೆ ಪಿತ್ತಜನಕಾಂಗಕ್ಕೆ ಏಟು ಬಿದ್ದಿರಬಹುದು, ಅಥವಾ ರಕ್ತಕಣಗಳು ಒಡೆಯುತ್ತಿರಬಹುದು. ಬೆಂಗಳೂರಿನ ನಾಯಿಗಳಲ್ಲಿ ಬಿಳುಪಿಗೆ ಇನ್ನೊಂದು ಕಾರಣವೂ ಉಂಟು: ಉಣ್ಣೆಹುಳು ಕಚ್ಚುವುದರಿಂದ ಬರುವ ಜ್ವರ. ನಾಯಿ ಕೆಲವು ದಿನ ಮಂಕಾಗಿರುತ್ತದೆ, ಊಟ ಬಿಡುತ್ತದೆ. ಆಮೇಲೆ ಒಂದು ದಿನ ಮೂಗಿನಿಂದ ರಕ್ತ ಸುರಿಯುತ್ತದೆ, ಇಲ್ಲವೆ ಹೊಟ್ಟೆಯ ಚರ್ಮದ ಮೇಲೆ ಕೆಂಪು ಚುಕ್ಕೆಗಳೇಳುತ್ತವೆ. ಆ ಹಂತದಲ್ಲಿ ಅದು ಕಾಯುವ ರೋಗವಲ್ಲ.

ಮೂರನೆಯದು ಹೊಟ್ಟೆ. ಎದೆ ಆಳವಾದ ದೊಡ್ಡ ತಳಿಗಳಲ್ಲಿ, ಗ್ರೇಟ್ ಡೇನ್, ಜರ್ಮನ್ ಶೆಫರ್ಡ್ ಮೊದಲಾದವುಗಳಲ್ಲಿ, ಜಠರ ಗಾಳಿಯಿಂದ ಉಬ್ಬಿ ತನ್ನ ಸುತ್ತ ತಾನೇ ತಿರುಚಿಕೊಳ್ಳುವುದುಂಟು. ನಾಯಿ ಮೇಲಿಂದ ಮೇಲೆ ಓಕರಿಸುತ್ತದೆ. ಬರುವುದು ಬರಿಯ ನೊರೆ, ಇಲ್ಲವೆ ಏನೂ ಇಲ್ಲ. ಕೂರಲಾರದೆ ಮಲಗಲಾರದೆ ಅತ್ತಿತ್ತ ತಿರುಗುತ್ತದೆ. ಹೊಟ್ಟೆಯನ್ನು ತಿರುತಿರುಗಿ ನೋಡಿಕೊಳ್ಳುತ್ತದೆ. ಪಕ್ಕೆ ತಮಟೆಯಂತೆ ಬಿಗಿಯುತ್ತದೆ. ಇದಕ್ಕೆ ಶಸ್ತ್ರಚಿಕಿತ್ಸೆಯೇ ಗತಿ, ಅದೂ ಕೆಲವೇ ಗಂಟೆಗಳೊಳಗೆ. ಜೀರಿಗೆ ಕಷಾಯ, ಓಮದ ನೀರು ಎಂದು ಪ್ರಯೋಗಿಸುತ್ತ ಕುಳಿತರೆ ಆ ಗಂಟೆಗಳು ಮುಗಿದುಹೋಗುತ್ತವೆ.

ನುಂಗಬಾರದ್ದನ್ನು ನುಂಗಿದ ಪ್ರಾಣಿಯದೂ ಇದೇ ಬಗೆಯ ಆಪತ್ತು. ಮಾವಿನ ಓಟೆ, ಜೋಳದ ದಿಂಡು, ಮೂಳೆಯ ತುಂಡು ನಾಯಿಯ ಕರುಳಿಗೆ ಅಡ್ಡವಾಗುತ್ತವೆ. ಬೆಕ್ಕಿಗೆ ಹೂ ಕಟ್ಟಿದ ದಾರವೇ ಶತ್ರು. ಮಲ್ಲಿಗೆಯ ಮಾಲೆಯಿಂದ ಕಳಚಿದ ನೂಲನ್ನು ಆಡುತ್ತಾಡುತ್ತ ನುಂಗಿದರೆ ಅದು ಕರುಳನ್ನು ನೆರಿಗೆ ಹಿಡಿದಂತೆ ಸೆಳೆದು ಕೊಯ್ಯುತ್ತದೆ. ಬಾಯಿಯಿಂದಾಗಲಿ ಹಿಂಬದಿಯಿಂದಾಗಲಿ ದಾರದ ತುದಿ ಕಂಡಾಗ ಎಳೆಯಲು ಕೈ ತುರಿಸುವುದು ಸಹಜ; ಎಳೆಯಲೇಬಾರದು. ಇದ್ದಂತೆಯೇ ವೈದ್ಯನ ಬಳಿಗೆ ಒಯ್ಯಬೇಕು.

ಔಷಧದ ಪೆಟ್ಟಿಗೆಯಲ್ಲಿರುವ ವಿಷ

ಸಾಕುಪ್ರಾಣಿಗಳಿಗೆ ವಿಷ ಹಾಕುವವರು ಹೊರಗಿನ ದುಷ್ಟರೇ ಆಗಬೇಕೆಂದಿಲ್ಲ. ಪ್ರೀತಿಯಿಂದ ಸಾಕಿದ ಕೈಯೇ ಅನೇಕ ಸಲ ತಿಳಿಯದೆ ಆ ಕೆಲಸ ಮಾಡುತ್ತದೆ. ಬೆಕ್ಕಿಗೆ ಮೈ ಬಿಸಿಯಾಗಿದೆಯೆಂದು ಮನೆಯಲ್ಲಿದ್ದ ಪ್ಯಾರಾಸಿಟಮಾಲ್ ಮಾತ್ರೆಯನ್ನು ಪುಡಿಮಾಡಿ ಹಾಲಿನಲ್ಲಿ ಕುಡಿಸುವುದುಂಟು. ಮನುಷ್ಯನ ಪಿತ್ತಜನಕಾಂಗ ಆ ಔಷಧವನ್ನು ಸುಲಭವಾಗಿ ಕಳೆಯುತ್ತದೆ. ಬೆಕ್ಕಿನ ದೇಹಕ್ಕೆ ಆ ಶಕ್ತಿ ಇಲ್ಲವೆನ್ನುವಷ್ಟು ಕಡಿಮೆ. ಒಂದೇ ಒಂದು ಮಾತ್ರೆ ಅದರ ಪ್ರಾಣ ತೆಗೆಯಬಲ್ಲದು. ರಕ್ತ ಪ್ರಾಣವಾಯುವನ್ನು ಹೊರುವ ಗುಣವನ್ನು ಕಳೆದುಕೊಂಡು ಒಸಡು ಕಂದುಬಣ್ಣಕ್ಕೆ ತಿರುಗುತ್ತದೆ. ಮುಖ, ಪಾದಗಳು ಊದಿಕೊಳ್ಳುತ್ತವೆ. ನೋವಿಗೆ ಮನುಷ್ಯರು ನುಂಗುವ ಐಬುಪ್ರೊಫೆನ್ ನಾಯಿಯ ಜಠರಕ್ಕೆ ಹುಣ್ಣನ್ನೂ ಮೂತ್ರಪಿಂಡಕ್ಕೆ ಹಾನಿಯನ್ನೂ ತರುತ್ತದೆ. ನಾಯಿಗೆಂದು ಮಾರುವ, ಪರ್ಮೆಥ್ರಿನ್ ಬೆರೆತ ಉಣ್ಣೆಯ ಔಷಧವನ್ನು ಬೆಕ್ಕಿಗೆ ಹಚ್ಚಿದರೆ ಮೈಯೆಲ್ಲ ನಡುಗಿ ಸೆಳವು ಬರುತ್ತದೆ.

ಅಡಿಗೆಮನೆಯಲ್ಲಿಯೂ ಅಪಾಯಗಳಿವೆ. ಈರುಳ್ಳಿ, ಬೆಳ್ಳುಳ್ಳಿ ರಕ್ತಕಣಗಳನ್ನು ಒಡೆಯುತ್ತವೆ. ದ್ರಾಕ್ಷಿ, ಒಣದ್ರಾಕ್ಷಿ ಕೆಲವು ನಾಯಿಗಳ ಮೂತ್ರಪಿಂಡವನ್ನು ಕೆಡಿಸುತ್ತವೆ. ಯಾವ ನಾಯಿಗೆ ಎಷ್ಟು ಎಂದು ಮುಂದಾಗಿ ಹೇಳಲಾಗುವುದಿಲ್ಲವಾದುದರಿಂದ ಪ್ರಸಾದದ ಪಾಯಸವೂ ಅವಕ್ಕೆ ಬೇಡ. ಚಾಕೊಲೇಟಿನಲ್ಲಿರುವ ಥಿಯೊಬ್ರೊಮಿನ್ ಹೃದಯವನ್ನು ಕೆರಳಿಸುತ್ತದೆ. ಬಣ್ಣ ಕಪ್ಪಾದಷ್ಟೂ ವಿಷ ಹೆಚ್ಚು. ಸಕ್ಕರೆಗೆ ಬದಲಾಗಿ ಕೆಲವು ಮಿಠಾಯಿಗಳಲ್ಲಿ ಬಳಸುವ ಜೈಲಿಟಾಲ್ ನಾಯಿಯ ರಕ್ತದ ಸಕ್ಕರೆಯನ್ನು ಅರ್ಧ ಗಂಟೆಯೊಳಗೇ ಕುಸಿಯುವಂತೆ ಮಾಡಬಲ್ಲದು. ಅಂಗಳದ ಅಂದಕ್ಕಾಗಿ ನೆಡುವ ಸೈಕಸ್ ಗಿಡದ ಬೀಜ ಪಿತ್ತಜನಕಾಂಗವನ್ನೂ ಕಣಗಿಲೆ ಹೃದಯವನ್ನೂ ಹಾಳುಮಾಡುತ್ತವೆ. ಹೂದಾನಿಯ ಲಿಲ್ಲಿಯ ಪರಾಗವನ್ನು ಬೆಕ್ಕು ಮೈಯಿಂದ ನೆಕ್ಕಿಕೊಂಡರೂ ಸಾಕು, ಮೂತ್ರಪಿಂಡ ನಿಲ್ಲಬಹುದು.

ಇಲಿಯ ಪಾಷಾಣದ ಮೋಸ ಬೇರೆ ಬಗೆಯದು. ರಕ್ತ ಹೆಪ್ಪುಗಟ್ಟದಂತೆ ಮಾಡುವ ಜಾತಿಯ ಪಾಷಾಣವನ್ನು ತಿಂದ ನಾಯಿ ಅಂದು ಚೆನ್ನಾಗಿಯೇ ಇರುತ್ತದೆ, ಮರುದಿನವೂ ಚೆನ್ನಾಗಿರುತ್ತದೆ. ಎರಡರಿಂದ ಐದು ದಿನಗಳ ಮೇಲೆ ಒಳಗೊಳಗೇ ರಕ್ತ ಸೋರಿ ಹಠಾತ್ತಾಗಿ ಕುಸಿಯುತ್ತದೆ. ಇದಕ್ಕೆ ಕೆ-ಒನ್ ಜೀವಸತ್ವವೆಂಬ ಒಳ್ಳೆಯ ಮದ್ದಿದೆ. ತಿಂದ ದಿನವೇ ವೈದ್ಯನಿಗೆ ತಿಳಿಸಿದರೆ ಪ್ರಾಣಕ್ಕೆ ಭಯವಿಲ್ಲವೆನ್ನಬಹುದು. ಸತುವಿನ ಫಾಸ್ಫೈಡ್ ಎಂಬ ಇನ್ನೊಂದು ಜಾತಿಯ ಪಾಷಾಣ ಗಂಟೆಗಳಲ್ಲಿಯೇ ಕೊಲ್ಲುತ್ತದೆ. ಆದುದರಿಂದ ಪೊಟ್ಟಣ ಹರಿದಿರುವುದು ಕಂಡರೆ ಲಕ್ಷಣಗಳಿಗಾಗಿ ಕಾಯದೆ, ಆ ಪೊಟ್ಟಣವನ್ನೂ ಕೈಯಲ್ಲಿ ಹಿಡಿದು ಹೊರಡಬೇಕು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಹಳೆಯ ಉಪಾಯವನ್ನು ವೈದ್ಯರು ಇಂದು ಒಪ್ಪುವುದಿಲ್ಲ. ಉಪ್ಪೇ ಮೆದುಳಿಗೆ ವಿಷವಾದೀತು, ವಾಂತಿ ಶ್ವಾಸಕೋಶಕ್ಕೆ ಇಳಿದೀತು.

ಬಿಸಿಲು, ಬೀಳು, ಹಾವು

ಬೆಂಗಳೂರು ತಂಪಿನ ಊರೆಂಬ ನಂಬಿಕೆ ಈಗ ಸಡಿಲವಾಗಿದೆ. ೨೦೧೬ರ ಏಪ್ರಿಲ್‌ನಲ್ಲಿ ಇಲ್ಲಿನ ಶಾಖ ೩೯.೨ ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು. ನಾಯಿಗೆ ಮೈಯೆಲ್ಲ ಬೆವರುವ ಸೌಲಭ್ಯವಿಲ್ಲ. ಏದುವುದೊಂದೇ ಅದರ ಬೀಸಣಿಗೆ. ಬಾಗಲಕೋಟೆಯ ಬಯಲಿನಲ್ಲಿ ಬೆಳೆದ ಮುಧೋಳ ನಾಯಿಗೆ ಉದ್ದನೆಯ ಮೂತಿಯೂ ತೆಳುವಾದ ಮೈಯೂ ಇವೆ. ಚಪ್ಪಟೆ ಮೂಗಿನ ಪಗ್, ಬುಲ್‌ಡಾಗ್, ಶಿಹ್ ಟ್ಜು ತಳಿಗಳಿಗೆ ಆ ಬೀಸಣಿಗೆಯೇ ಕುಂಠಿತ. ಬಾಗಿಲು ಹಾಕಿ ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಹತ್ತೇ ನಿಮಿಷದಲ್ಲಿ ಶಾಖ ಸುಮಾರು ಹತ್ತು ಡಿಗ್ರಿ ಸೆಲ್ಸಿಯಸ್ ಏರುತ್ತದೆ. ಬಿಡದೆ ಏದುವುದು, ಅಂಟಂಟಾದ ಜೊಲ್ಲು, ಕಡುಗೆಂಪು ಒಸಡು, ತೂರಾಡುವ ನಡಿಗೆ, ವಾಂತಿ ಕಂಡರೆ ಅದು ಬಿಸಿಲ ಹೊಡೆತ. ಇದೊಂದರಲ್ಲಿ ಮಾತ್ರ ಹೊರಡುವುದಕ್ಕೆ ಮುಂಚೆಯೇ ಮನೆಯಲ್ಲಿ ಚಿಕಿತ್ಸೆ ಆರಂಭವಾಗಬೇಕು: ನೆರಳಿಗೆ ತಂದು, ಮೈಮೇಲೆಲ್ಲ ನಲ್ಲಿಯ ತಣ್ಣೀರು ಸುರಿದು, ಗಾಳಿ ಬೀಸಬೇಕು. ಒದ್ದೆ ಬಟ್ಟೆಯನ್ನು ಹೊದಿಸಿ ಬಿಟ್ಟರೆ ಅದು ಶಾಖವನ್ನು ಒಳಗೇ ಹಿಡಿದಿಡುತ್ತದೆ. ಸ್ವಲ್ಪ ತಣ್ಣಗಾದೊಡನೆ ವೈದ್ಯನಲ್ಲಿಗೆ ಒಯ್ಯಲೇಬೇಕು. ಎದ್ದು ನಿಂತಿತೆಂದು ಬಿಡುವಂತಿಲ್ಲ, ಒಳಗಿನ ಅಂಗಗಳ ಹಾನಿ ಮರುದಿನ ತೋರಬಹುದು.

ಬಡಾವಣೆಯ ಮನೆಗಳು ಮಹಡಿಯ ಮೇಲೆ ಮಹಡಿ ಏರಿದಂತೆ ಬೆಕ್ಕುಗಳು ಬಿಸಿಲುಮಚ್ಚಿನಿಂದ, ಕಿಟಕಿಯಿಂದ ಬೀಳುವುದೂ ಹೆಚ್ಚಿದೆ. ಬೆಕ್ಕಿಗೆ ಏಳು ಜನ್ಮವೆಂಬ ಮಾತನ್ನು ನಂಬಿ ಕೂರುವವರುಂಟು. ೧೯೮೭ರಲ್ಲಿ ನ್ಯೂಯಾರ್ಕಿನ ಪಶುವೈದ್ಯರು ಹೀಗೆ ಬಿದ್ದ ೧೩೨ ಬೆಕ್ಕುಗಳ ವಿವರ ಪ್ರಕಟಿಸಿದರು. ಚಿಕಿತ್ಸೆ ದೊರೆತವುಗಳಲ್ಲಿ ಶೇಕಡ ೯೦ರಷ್ಟು ಬದುಕಿದವು. ಬದುಕಿದ್ದು ಚಿಕಿತ್ಸೆಯಿಂದ ಎಂಬುದನ್ನು ಮರೆಯಕೂಡದು. ಅವುಗಳಲ್ಲಿ ಬಹಳಷ್ಟಕ್ಕೆ ಎದೆಗೂಡಿನೊಳಗೆ ಪೆಟ್ಟಾಗಿತ್ತು. ಬಿದ್ದ ಬೆಕ್ಕು, ವಾಹನ ತಗುಲಿದ ನಾಯಿ ಎದ್ದು ನಡೆದರೂ ಅಂದೇ ವೈದ್ಯನು ಒಮ್ಮೆ ನೋಡತಕ್ಕದ್ದು.

ಮಲ್ಲತ್ತಹಳ್ಳಿ ಕೆರೆಯ ಆಸುಪಾಸು, ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿಯ ಮರಗಾಡು, ಇನ್ನೂ ಮನೆ ಏಳದ ನಿವೇಶನಗಳ ಪೊದೆ ಇವೆಲ್ಲ ಅನ್ನಪೂರ್ಣೇಶ್ವರಿ ನಗರಕ್ಕೆ ದೂರವಲ್ಲ. ಹಾವಿನ ಜಾಡು ಹಿಡಿದು ಮೂತಿ ಚಾಚುವುದು ನಾಯಿಯ ಸ್ವಭಾವ. ಕೊಳಕುಮಂಡಲ ಕಚ್ಚಿದರೆ ಮುಖ ಅಥವಾ ಕಾಲು ಬೇಗನೆ ಊದುತ್ತದೆ, ರಕ್ತ ಜಿನುಗುತ್ತದೆ. ನಾಗರಹಾವು ಕಚ್ಚಿದರೆ ರೆಪ್ಪೆ ಜೋತು, ಕಾಲು ಸೋತು, ಉಸಿರು ಕುಗ್ಗುತ್ತದೆ. ಗಾಯವನ್ನು ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು, ಬೇರು ಅರೆದು ಹಚ್ಚುವುದು ಇವೆಲ್ಲ ಕಾಲಹರಣ. ಮನುಷ್ಯರಿಗೆ ಕೊಡುವ ಪ್ರತಿವಿಷವೇ ನಾಯಿಗೂ ಮದ್ದು. ನಡೆಸದೆ ಎತ್ತಿಕೊಂಡು ಹೋಗಬೇಕು. ನಡೆದಷ್ಟೂ ವಿಷ ಬೇಗ ಹರಡುತ್ತದೆ.

ಸೆಳವು ಮತ್ತು ಹುಚ್ಚು

ನಾಯಿ ಇದ್ದಕ್ಕಿದ್ದಂತೆ ಬಿದ್ದು ಕಾಲು ಬಡಿದು ನೊರೆಗರೆದರೆ ಮನೆಯವರು ಗಾಬರಿಗೊಳ್ಳುತ್ತಾರೆ. ಅದರ ಕಾಲಿಗೆ ಕಬ್ಬಿಣದ ಕೀಲಿಕೈ ತಗುಲಿಸುವುದರಿಂದ ಏನೂ ಆಗದು. ಬಾಯೊಳಗೆ ಕೈ ಹಾಕಿದರೆ ಕಡಿತ ಖಂಡಿತ. ಸುತ್ತಲಿನ ವಸ್ತುಗಳನ್ನು ಸರಿಸಿ, ದೀಪ ಸಣ್ಣದು ಮಾಡಿ, ಗಡಿಯಾರ ನೋಡಬೇಕು. ಒಂದೆರಡು ನಿಮಿಷದಲ್ಲಿ ಮುಗಿದು ನಾಯಿ ಚೇತರಿಸಿಕೊಂಡರೆ ಮರುದಿನ ತೋರಿಸಬಹುದು. ಐದು ನಿಮಿಷ ಮೀರಿದರೆ, ಒಂದು ದಿನದಲ್ಲಿ ಎರಡು ಮೂರು ಸಲ ಬಂದರೆ, ನಡುವೆ ಪ್ರಜ್ಞೆ ಮರಳದಿದ್ದರೆ ಆಗಲೇ ಹೊರಡಬೇಕು.

ಇಲ್ಲಿಯೇ ಇನ್ನೊಂದು ಎಚ್ಚರವನ್ನು ಹೇಳಬೇಕು. ಕೆಳದವಡೆ ಜೋತು, ಜೊಲ್ಲು ಸುರಿಸುತ್ತ, ನುಂಗಲಾರದೆ ಒದ್ದಾಡುವ ನಾಯಿಯ ಗಂಟಲಲ್ಲಿ ಮೂಳೆ ಸಿಕ್ಕಿದೆಯೆಂದು ಕೈ ಹಾಕಿದವರುಂಟು. ಲಸಿಕೆ ಹಾಕಿಸದ ಪ್ರಾಣಿಯಲ್ಲಿ ಅದು ಹುಚ್ಚಿನ ಲಕ್ಷಣವೂ ಆಗಿರಬಹುದು. ಅಂಥದನ್ನು ಮುಟ್ಟದೆ, ಒಂದು ಕೋಣೆಯಲ್ಲಿ ಕೂಡಿಹಾಕಿ, ಪಶುವೈದ್ಯನನ್ನು ಕರೆಯಬೇಕು. ಕಚ್ಚಿದ ಅಥವಾ ಪರಚಿದ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅಂದೇ ಮನುಷ್ಯರ ಆಸ್ಪತ್ರೆಗೆ ಹೋಗಬೇಕು. ಹುಚ್ಚು ಒಮ್ಮೆ ತೋರಿದ ಮೇಲೆ ಪ್ರಾಣ ಉಳಿಯುವುದು ತೀರ ಅಪರೂಪ. ಕಚ್ಚಿದೊಡನೆ ತೆಗೆದುಕೊಂಡ ಲಸಿಕೆ ಅದನ್ನು ತಡೆಯುತ್ತದೆ.

ಮರಿಗಳು, ತಾಯಂದಿರು

ನಾಯಿಮರಿಯ ವಾಂತಿ ಭೇದಿಗೆ ದೊಡ್ಡ ನಾಯಿಯ ಅಳತೆ ಸಲ್ಲದು. ೧೯೭೮ರ ಸುಮಾರಿಗೆ ಜಗತ್ತಿನಾದ್ಯಂತ ಹರಡಿದ ಪಾರ್ವೊ ರೋಗ ಇಂದಿಗೂ ಲಸಿಕೆಯಾಗದ ಮರಿಗಳನ್ನು ಹುಡುಕಿ ಹಿಡಿಯುತ್ತದೆ. ಆಟ ಬಿಟ್ಟು ಮುದುಡಿದ ಮರಿ, ಮೇಲಿಂದ ಮೇಲೆ ವಾಂತಿ, ದುರ್ನಾತದ ರಕ್ತಭೇದಿ ಇಷ್ಟು ಕಂಡರೆ ಅಂದೇ ರಕ್ತನಾಳದ ಮೂಲಕ ದ್ರವ ಕೊಡಿಸಬೇಕು. ಮೈಯ ನೀರು ಆರಿದ ಮರಿ ಒಂದೆರಡು ದಿನಗಳಲ್ಲಿ ಸತ್ತುಹೋಗಬಹುದು. ಆರರಿಂದ ಎಂಟು ವಾರದ ವಯಸ್ಸಿನಲ್ಲಿ ಮೊದಲಾಗಿ, ಮೂರು ನಾಲ್ಕು ವಾರಗಳಿಗೊಮ್ಮೆ ಹದಿನಾರು ವಾರ ತುಂಬುವವರೆಗೆ ಹಾಕಿಸುವ ಲಸಿಕೆಗಳು ಈ ದುಃಖವನ್ನು ತಪ್ಪಿಸುತ್ತವೆ.

ಹೆರಿಗೆಯ ಹೊತ್ತಿನಲ್ಲಿ ಅರ್ಧ ಗಂಟೆ ಬಲವಾಗಿ ಮುಕ್ಕಿದರೂ ಮರಿ ಬಾರದಿದ್ದರೆ, ಒಳಗೆ ಮರಿಯಿದ್ದೂ ಎರಡು ಗಂಟೆ ಕಳೆದರೆ, ಮೊದಲ ಮರಿಗೆ ಮುಂಚೆಯೇ ಹಸಿರು ಸ್ರಾವ ಕಂಡರೆ ಕಾಯಬಾರದು. ಮೊಲೆಯೂಡುವ ಸಣ್ಣ ತಳಿಯ ತಾಯಿ ನಡುಗಿ ಸೆಟೆದುಕೊಂಡರೆ ರಕ್ತದ ಸುಣ್ಣದಂಶ ಇಳಿದಿದೆ, ಅದೂ ತುರ್ತು. ಸಂತಾನಹರಣ ಮಾಡಿಸದ ಹೆಣ್ಣುನಾಯಿ ಬೆದೆಯ ಕಾಲ ಮುಗಿದ ಕೆಲವು ವಾರಗಳ ಮೇಲೆ ಮಂಕಾಗಿ, ಅತಿಯಾಗಿ ನೀರು ಕುಡಿದು, ವಾಂತಿ ಮಾಡಿದರೆ ಗರ್ಭಕೋಶದಲ್ಲಿ ಕೀವು ತುಂಬಿರಬಹುದು. ಸ್ರಾವ ಹೊರಗೆ ಕಾಣದಿದ್ದಾಗಲೇ ಈ ಬೇನೆ ಹೆಚ್ಚು ಭಯಂಕರ.

ಕಾಯಬಲ್ಲವು ಯಾವುವು?

ಪ್ರತಿ ಸೀನಿಗೂ ಓಡಬೇಕೆಂದು ಇದರ ಅರ್ಥವಲ್ಲ. ಒಮ್ಮೆ ವಾಂತಿ ಮಾಡಿ ಮತ್ತೆ ಆಡುತ್ತಿರುವ ನಾಯಿ, ಒಂದು ಹೊತ್ತು ಊಟ ಬಿಟ್ಟರೂ ನೀರು ಕುಡಿಯುತ್ತ ಓಡಾಡುವ ಪ್ರಾಣಿ, ಸ್ವಲ್ಪ ಕುಂಟಿದರೂ ಕಾಲೂರುವ ನಾಯಿ, ತುರಿಕೆ, ಸಣ್ಣ ಭೇದಿ ಇವು ಮರುದಿನದವರೆಗೆ ಕಾಯಬಲ್ಲವು. ಬೆಕ್ಕು ಒಂದು ಪೂರ್ತಿ ದಿನ ಏನನ್ನೂ ತಿನ್ನದಿದ್ದರೆ ಮಾತ್ರ ಉಪೇಕ್ಷಿಸಬಾರದು. ಉಪವಾಸವೇ ಅದರ ಪಿತ್ತಜನಕಾಂಗದಲ್ಲಿ ಕೊಬ್ಬು ತುಂಬಿ ಹೊಸ ರೋಗವನ್ನು ತರುತ್ತದೆ. ಕಣ್ಣಿಗೆ ಆದ ಪೆಟ್ಟು ಎಷ್ಟು ಚಿಕ್ಕದಾಗಿ ಕಂಡರೂ ಕಾಯುವ ಗುಂಪಿಗೆ ಸೇರಿದ್ದಲ್ಲ. ಸಂದೇಹ ಬಂದಾಗ ವೈದ್ಯನಿಗೆ ದೂರವಾಣಿಯಲ್ಲಿ ಹೇಳಬೇಕು. ಉಸಿರು ನಿಮಿಷಕ್ಕೆ ಎಷ್ಟು, ಒಸಡು ಯಾವ ಬಣ್ಣ, ಕೊನೆಯ ಸಲ ಮೂತ್ರ ಮಾಡಿದ್ದು ಯಾವಾಗ ಎಂದು ಹೇಳಬಲ್ಲವರಿಗೆ “ಬನ್ನಿ” ಅಥವಾ “ಬೆಳಗ್ಗೆ ಬಂದರೆ ಸಾಕು” ಎಂಬ ಉತ್ತರ ಕೂಡಲೇ ದೊರೆಯುತ್ತದೆ.

ದಾರಿಯನ್ನು ಮೊದಲೇ ತಿಳಿದಿರುವುದು

೧೯೫೮ರಲ್ಲಿ ಆರಂಭವಾದ ಹೆಬ್ಬಾಳದ ಪಶುವೈದ್ಯಕೀಯ ಮಹಾವಿದ್ಯಾಲಯದ ಆಸ್ಪತ್ರೆಯೂ ಕ್ವೀನ್ಸ್ ರಸ್ತೆಯ ಸರ್ಕಾರಿ ಪಶು ಆಸ್ಪತ್ರೆಯೂ ನಗರದ ಪ್ರಾಣಿಗಳಿಗೆ ದೊಡ್ಡ ಆಸರೆಗಳು. ಆದರೆ ಅನ್ನಪೂರ್ಣೇಶ್ವರಿ ನಗರದಿಂದ ಹೆಬ್ಬಾಳಕ್ಕೆ ಹೊರವರ್ತುಲ ರಸ್ತೆಯಲ್ಲಿ ಸುಮನಹಳ್ಳಿ, ಗೊರಗುಂಟೆಪಾಳ್ಯಗಳನ್ನು ದಾಟಿ ಹದಿನೈದು ಕಿಲೋಮೀಟರಿಗೂ ಮಿಕ್ಕ ಹಾದಿ. ಸಂಜೆಯ ವಾಹನಗಳ ದಟ್ಟಣೆಯಲ್ಲಿ ಅದು ಒಂದು ಗಂಟೆಯನ್ನೂ ನುಂಗೀತು. ಸರ್ಕಾರಿ ಪಶುಚಿಕಿತ್ಸಾಲಯಗಳ ಬಾಗಿಲು ಸಾಮಾನ್ಯವಾಗಿ ಹಗಲು ಹೊತ್ತಿನಲ್ಲಿ ತೆರೆದಿರುತ್ತದೆ. ೧೯೬೨ ಎಂಬ ಸಂಖ್ಯೆಯ ಸಂಚಾರಿ ಸೇವೆ ಮುಖ್ಯವಾಗಿ ರೈತರ ಜಾನುವಾರುಗಳಿಗಾಗಿ ಏರ್ಪಟ್ಟದ್ದು. ಆದುದರಿಂದ ರಾತ್ರಿ ಬಾಗಿಲು ತೆರೆಯುವ ಚಿಕಿತ್ಸಾಲಯ ಸಮೀಪದಲ್ಲಿ ಯಾವುದು, ಅಲ್ಲಿ ಶಸ್ತ್ರಚಿಕಿತ್ಸೆಗೂ ಪ್ರಾಣವಾಯುವಿಗೂ ಏರ್ಪಾಡುಂಟೆ, ದೂರವಾಣಿ ಎತ್ತುವವರಿದ್ದಾರೆಯೇ ಎಂಬುದನ್ನು ಒಂದು ನೆಮ್ಮದಿಯ ಹಗಲಿನಲ್ಲಿ ವಿಚಾರಿಸಿ ಇಟ್ಟುಕೊಳ್ಳಬೇಕು. ಖರ್ಚಿನ ಮಾತನ್ನೂ ಆಗಲೇ ಕೇಳಿಟ್ಟುಕೊಳ್ಳುವುದು ಲೇಸು. ಎಷ್ಟೋ ಮನೆಗಳಲ್ಲಿ “ನಾಳೆ ನೋಡೋಣ” ಎಂಬುದರ ಹಿಂದೆ ಇರುವುದು ಅಸಡ್ಡೆಯಲ್ಲ, ಹಣದ ಅಂಜಿಕೆ. ತಿಂಗಳಿಗೆ ಸ್ವಲ್ಪ ಎತ್ತಿಟ್ಟ ಹಣ ಆ ಅಂಜಿಕೆಯನ್ನು ಕಳೆಯುತ್ತದೆ.

ಒಯ್ಯುವ ಕ್ರಮವೂ ಮುಖ್ಯ. ಪೆಟ್ಟಾದ ನಾಯಿಯನ್ನು ಹಲಗೆಯ ಮೇಲೋ ನಾಲ್ಕು ಮೂಲೆ ಹಿಡಿದ ಕಂಬಳಿಯಲ್ಲೋ ಎತ್ತಬೇಕು. ಎಷ್ಟೇ ಸಾಧುವಾದರೂ ನೋವಿನಲ್ಲಿ ಕಚ್ಚಬಹುದಾದುದರಿಂದ ಬಟ್ಟೆಯ ಪಟ್ಟಿಯಿಂದ ಮೂತಿ ಕಟ್ಟಬಹುದು. ವಾಂತಿಯೋ ಉಸಿರಾಟದ ತೊಂದರೆಯೋ ಇದ್ದಾಗ ಕಟ್ಟಕೂಡದು. ರಕ್ತ ಸುರಿಯುವ ಗಾಯವನ್ನು ಶುಭ್ರವಾದ ಬಟ್ಟೆಯಿಂದ ಒತ್ತಿ ಹಿಡಿಯಬೇಕು, ಮೇಲಿಂದ ಮೇಲೆ ತೆಗೆದು ನೋಡಬಾರದು. ಬೆಕ್ಕನ್ನು ತೋಳಿನಲ್ಲಿ ಹಿಡಿದು ಆಟೋರಿಕ್ಷಾ ಹತ್ತಿದರೆ ದಾರಿಯಲ್ಲೇ ಹಾರಿಹೋದೀತು. ಮುಚ್ಚಳವಿರುವ ಬುಟ್ಟಿಯೊಂದು ಮನೆಯಲ್ಲಿ ಸದಾ ಇರತಕ್ಕದ್ದು. ಹೊರಡುವ ಮುನ್ನ ಚಿಕಿತ್ಸಾಲಯಕ್ಕೆ ತಿಳಿಸಿದರೆ ಅಲ್ಲಿಯವರು ಸಿದ್ಧರಾಗಿರುತ್ತಾರೆ.

೧೯೬೦ರ ಪ್ರಾಣಿಹಿಂಸೆ ತಡೆ ಕಾಯಿದೆ, ಪ್ರಾಣಿಯನ್ನು ತನ್ನ ವಶದಲ್ಲಿಟ್ಟುಕೊಂಡವನು ಅದರ ಕ್ಷೇಮಕ್ಕಾಗಿ ಯುಕ್ತವಾದ ಎಲ್ಲ ಕ್ರಮಗಳನ್ನೂ ಕೈಗೊಳ್ಳುವುದು ಅವನ ಕರ್ತವ್ಯವೆಂದು ವಿಧಿಸಿದೆ. ಕಾಯಿದೆ ಹೇಳದಿದ್ದರೂ ಅದು ಕರ್ತವ್ಯವೇ. ಬಾಗಿಲಿನ ಚಿಲಕ ತೆಗೆಯಲು, ವಾಹನ ಕರೆಯಲು, ತನ್ನ ನೋವನ್ನು ಹೇಳಲು ಆ ಜೀವಕ್ಕೆ ಬೇರೆ ಯಾರೂ ಇಲ್ಲ.

ಮತ್ತೆ ಆ ರಾತ್ರಿಯನ್ನು ನೆನೆಯಬಹುದು. ಬೆಕ್ಕು ಮೂರನೆಯ ಸಲ ಮರಳಿನ ತಟ್ಟೆಗೆ ಹೋಗುತ್ತದೆ. ಈ ಸಲ ಮನೆಯ ಗೃಹಿಣಿ ದೀಪ ಹಾಕಿ ತಟ್ಟೆಯನ್ನು ನೋಡುತ್ತಾಳೆ, ಮರಳು ಒಣಗಿದೆ. ಹರಳೆಣ್ಣೆಯ ಸೀಸೆಯನ್ನು ಮುಟ್ಟುವುದಿಲ್ಲ. ಅಡಿಗೆಮನೆಯ ಗೋಡೆಯ ಪಂಚಾಂಗದ ಪಕ್ಕದಲ್ಲಿ ಅಂಟಿಸಿದ ಚೀಟಿಯಲ್ಲಿ ದೂರವಾಣಿಯ ಸಂಖ್ಯೆ ಇದೆ. ಯಜಮಾನ ಬುಟ್ಟಿ ತರುತ್ತಾನೆ. ಹತ್ತೂವರೆಗೆ ಅವರು ಮೆಟ್ಟಿಲಿಳಿದಿರುತ್ತಾರೆ. ಹನ್ನೊಂದೂವರೆಯ ಹೊತ್ತಿಗೆ ತಡೆ ಬಿಟ್ಟು ಬೆಕ್ಕು ಉಸಿರೆಳೆದುಕೊಂಡು ಮಲಗಿರುತ್ತದೆ.